ಅಮ್ಮ ಮಾಡಿದ ಹಂಸಗಳು

ನಮ್ಮ ಮನೆಗೆ ಮೊದಲ ಸಲ ಬಂದವರು ಚಾವಡಿಯ ಗೋಡೆ ನೋಡಿ ಕೇಳುವ ಪ್ರಶ್ನೆ ಒಂದೇ: "ಇದೆಲ್ಲ ನೀವೇ ಮಾಡಿದ್ದಾ?"

ಅಲ್ಲ. ನನಗೆ ಒಂದು ಗುಂಡಿ ಹೊಲಿಯಲಿಕ್ಕೂ ನೆಟ್ಟಗೆ ಬರುವುದಿಲ್ಲ. ಗೋಡೆಯ ಮೇಲಿರುವ ನಲವತ್ತು ಚಿಲ್ಲರೆ ಪಟಗಳನ್ನು ಮಾಡಿದವರು ಯಾರ್ಯಾರೋ ಹೆಂಗಸರು. ಹೆಚ್ಚಿನವರು ಈಗ ಇಲ್ಲ, ಇದ್ದವರಿಗೂ ತಮ್ಮ ಪಟ ಎಲ್ಲಿಗೆ ಹೋಯಿತೆಂದು ತಿಳಿಯದು. ಮಣಿ ಪೋಣಿಸಿ ಮಾಡಿದ ಗಿಳಿಗಳಿವೆ, ಉಲ್ಲನ್ನಿನ ನಾಯಿಮರಿಗಳಿವೆ, ಮೀನಿನ ಹುರುಪೆಗೆ ಬಣ್ಣ ಹಾಕಿ ಮಾಡಿದ ಹೂಗೊಂಚಲಿದೆ, ಬೆಂಕಿಕಡ್ಡಿ ಅಂಟಿಸಿ ಕಟ್ಟಿದ ಗೋಪುರವಿದೆ. ಕೆಂಪು ದಾರದಲ್ಲಿ 'ವೆಲ್‌ಕಮ್' ಎಂದು ಇಂಗ್ಲಿಷಿನಲ್ಲಿ ಬರೆದವು ಆರು ಇವೆ. ಎಲ್ಲವೂ ಅರುವತ್ತು, ಎಪ್ಪತ್ತು ವರ್ಷಗಳಷ್ಟು ಹಳೆಯವು. ಈಗ ಇವಕ್ಕೆ ವಿಂಟೇಜ್ ಎಂಬ ಮರ್ಯಾದೆಯ ಹೆಸರು ಬಂದಿದೆ. ಆಗ 'ಹುಡುಗಿಯ ಕೈಕೆಲಸ' ಎನ್ನುತ್ತಿದ್ದರು, ಅಷ್ಟೇ.

ಆ ಕಾಲದಲ್ಲಿ ಹುಡುಗಿ ನೋಡಲು ಬಂದವರನ್ನು ಕೂರಿಸುವ ಬೆಂಚಿನ ಎದುರು ಗೋಡೆಯಲ್ಲಿ ಇಂಥ ಒಂದು ಪಟ ಇರಲೇಬೇಕಿತ್ತು. ಬಂದವರು ಅದನ್ನು ನೋಡುತ್ತಾರೆ. ಮನೆಯವರು ಕೇಳದಿದ್ದರೂ "ಅದು ಹುಡುಗಿಯೇ ಮಾಡಿದ್ದು" ಎನ್ನುತ್ತಾರೆ. ಹುಡುಗಿಗೆ ತಾಳ್ಮೆಯಿದೆ, ಕಣ್ಣು ಚುರುಕಿದೆ, ಕೈ ಅಚ್ಚುಕಟ್ಟಾಗಿದೆ ಎಂದು ಬೇರೆ ಹೇಳಬೇಕಾಗಿರಲಿಲ್ಲ. ಹುಡುಗಿಯ ಗುಣವನ್ನೆಲ್ಲ ಗಾಜು ಹಾಕಿ ಮೊಳೆಗೆ ನೇತುಹಾಕಿದ ಹಾಗೆ.

ನನಗೆ ಹಳೆಯ ಕಲೆಯ ಮೇಲೆ ಭಾರೀ ಪ್ರೀತಿ ಎಂದು ಜನ ತಿಳಿದಿದ್ದಾರೆ. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಹೊತ್ತು ಹೋಗಲು ಏನೋ ಮಾಡುತ್ತಾಳೆ ಎಂದು ಕೆಲವರು. ಪ್ರೀತಿ ಆಮೇಲೆ ಬಂದದ್ದು. ಶುರುವಾದದ್ದು ನಾನೇ ಮಾಡಿದ ಒಂದು ತಪ್ಪನ್ನು ಸರಿಪಡಿಸಲಿಕ್ಕೆ.

ನನ್ನ ಬಾಲ್ಯದ ಮನೆಯಲ್ಲೂ ಒಂದು ಪಟ ಇತ್ತು. ಕಪ್ಪು ಮಕಮಲ್ಲಿನ ಮೇಲೆ ಬಿಳಿ ಮಣಿಗಳ ಎರಡು ಹಂಸ, ಕೆಳಗೆ ಗುಲಾಬಿ ಮಣಿಯ ಒಂದು ತಾವರೆ, ಸುತ್ತ ತೇಗದ ಚೌಕಟ್ಟು. ಎಡಗಡೆಯ ಹಂಸದ ಕಣ್ಣು ಕೆಂಪು, ಬಲಗಡೆಯದರ ಕಣ್ಣು ನೀಲಿ. ತಾವರೆಯ ಒಂದು ಎಸಳಿನ ತುದಿಯ ಮಣಿಗಳು ಯಾವಾಗಲೋ ಉದುರಿ ಗಾಜಿನ ಒಳಗೇ ಕೆಳಕ್ಕೆ ಬಿದ್ದಿದ್ದವು. ದೀಪಾವಳಿಗೆ ಗೋಡೆಗೆ ಸುಣ್ಣ ಬಳಿಯುವಾಗ ಪಟ ಇಳಿಸುತ್ತಿದ್ದರು. ಆಗ ನಾನು ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ ಮಣಿಗಳ ಸದ್ದು ಕೇಳುತ್ತಿದ್ದೆ.

ಅಪ್ಪನಿಗೆ ಆ ಪಟದ ಮೇಲೆ ಅಷ್ಟಿಷ್ಟಲ್ಲದ ಹೆಮ್ಮೆ. ಯಾರೇ ಬರಲಿ, ಚಹಾ ಬರುವ ಮೊದಲು ಕತೆ ಬರುತ್ತಿತ್ತು. "ನಾನು ಅವಳನ್ನು ನೋಡ್ಲಿಕ್ಕೆ ಹೋದದ್ದು ಹೌದು, ಆದ್ರೆ ಮೊದಲು ಒಪ್ಪಿದ್ದು ಈ ಹಂಸವನ್ನು. ನನ್ನ ಅಮ್ಮ ಅಲ್ಲಿಯೇ ಕಿವಿಯಲ್ಲಿ ಹೇಳಿದ್ರು, ಇಷ್ಟು ತಾಳ್ಮೆ ಇದ್ದವಳು ನಿನ್ನನ್ನೂ ತಾಳಿಕೊಳ್ತಾಳೆ ಅಂತ." ಕೇಳಿದವರು ನಗುತ್ತಿದ್ದರು. ಅಷ್ಟು ಹೊತ್ತಿಗೆ ಅಮ್ಮ ಅಡುಗೆಕೋಣೆಯಲ್ಲಿ ಇರುತ್ತಿದ್ದಳು. ಹೊಗಳಿದರೆ ಅವಳಿಗೆ ನಾಚಿಕೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಅಮ್ಮ ಮತ್ತೆ ಸೂಜಿ ಹಿಡಿದದ್ದನ್ನು ನಾನು ಕಂಡಿಲ್ಲ. ನನ್ನ ಶಾಲೆಯ ಅಂಗಿಯ ಗುಂಡಿಯನ್ನು ಅಪ್ಪನೇ ಹೊಲಿಯುತ್ತಿದ್ದರು. ಯಾಕೆ ಎಂದು ಕೇಳಿದರೆ ಅಮ್ಮನ ಹತ್ತಿರ ಉತ್ತರ ಸಿದ್ಧವಿತ್ತು: "ಒಳ್ಳೆ ಕಡೆ ಮದುವೆಯಾದ್ರೆ ಇನ್ನು ಸೂಜಿ ಮುಟ್ಟುವುದಿಲ್ಲ ಅಂತ ಹರಕೆ ಹೇಳಿಕೊಂಡಿದ್ದೆ." ನಮ್ಮೂರಲ್ಲಿ ಹರಕೆ ಎಂದ ಮೇಲೆ ಯಾರೂ ಮುಂದೆ ಮಾತಾಡುವುದಿಲ್ಲ. ತಾವು ಒಳ್ಳೆ ಕಡೆಯವರಾದೆವಲ್ಲ ಎಂದು ಅಪ್ಪನಿಗೆ ಅದೂ ಒಂದು ಹೆಮ್ಮೆ.

ಅಂದ ಹಾಗೆ ಮನೆಯಲ್ಲಿ ನಮ್ಮದು ತುಳು. ಇಲ್ಲಿ ಅಮ್ಮನ ಮಾತನ್ನೆಲ್ಲ ಕನ್ನಡಕ್ಕೆ ತಂದಿದ್ದೇನೆ. ಅವಳ ಗತ್ತು ಪೂರ್ತಿ ಬಂದಿಲ್ಲದಿದ್ದರೆ ತಪ್ಪು ನನ್ನದು.

ಅಪ್ಪ ತೀರಿಕೊಂಡ ಮರುವರ್ಷ ಪಡೀಲಿನ ಆ ಹಂಚಿನ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ತಾರಸಿ ಮನೆ ಕಟ್ಟಿಸಿದೆವು. ಅದಕ್ಕೀಗ ಇಪ್ಪತ್ತೆರಡು ವರ್ಷ. ನನ್ನ ಗಂಡ ಆಗ ದುಬೈಯಲ್ಲಿದ್ದರು. ಅಮ್ಮ ನನ್ನ ಜೊತೆಗಿದ್ದಳು. ತುಳುವರಲ್ಲಿ ತಾಯಿ ಮಗಳ ಜೊತೆ ಇರುವುದು ಹೊಸ ಸಂಗತಿಯಲ್ಲ. ಹೊಸ ಮನೆಗೆ ಹೊಸ ಶೋಕೇಸು, ಅದರ ತುಂಬ ದುಬೈಯ ಸಾಮಾನು: ಗಾಜಿನ ಸೇಬು, ಗಂಟೆಗೊಮ್ಮೆ ಹಾಡುವ ಗಡಿಯಾರ, ಎಂದಿಗೂ ಬಾಡದ ಗುಲಾಬಿ. ಅದರ ಎದುರು ಹಂಸದ ಪಟ ನನಗೆ ಕೊಳಕಾಗಿ ಕಂಡಿತು. ಗಾಜಿಗೆ ಮಬ್ಬು ಹಿಡಿದಿತ್ತು, ಹಿಂದಿನ ಹಲಗೆಗೆ ಗೆದ್ದಲು ಮುಟ್ಟಿತ್ತು.

ಅಮ್ಮ ನಾಲ್ಕು ದಿನಕ್ಕೆಂದು ಅವಳ ತಂಗಿಯ ಮನೆಗೆ ಹೋಗಿದ್ದಾಗ ಬಾಗಿಲಿಗೆ ಗುಜರಿಯವನು ಬಂದ. ಹಳೆಯ ಕಬ್ಬಿಣ, ಪೇಪರು, ಒಡೆದ ಕುರ್ಚಿಯ ಜೊತೆಗೆ ನಾನು ಪಟವನ್ನೂ ಕೊಟ್ಟುಬಿಟ್ಟೆ. ಎಲ್ಲದರ ಬದಲಿಗೆ ಅವನು ಕೊಟ್ಟದ್ದು ಒಂದು ನೀಲಿ ಪ್ಲಾಸ್ಟಿಕ್ ಬಾಲ್ದಿ. ಯೋಚಿಸಿ ಮಾಡಿದ್ದೇ ಎಂದು ಕೇಳಿದರೆ, ಹೌದು, ಯೋಚಿಸಿಯೇ ಮಾಡಿದೆ. ಅಮ್ಮ ಇದ್ದರೆ ಬಿಡುವುದಿಲ್ಲ ಎಂದು ಯೋಚಿಸಿಯೇ ಅವಳಿಲ್ಲದ ದಿನ ಕೊಟ್ಟೆ.

ಅಮ್ಮ ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಗೋಡೆ ನೋಡಿದಳು. ಗೋಡೆಯಲ್ಲಿ ಹಾಡುವ ಗಡಿಯಾರ ಇತ್ತು. ಬಚ್ಚಲಿಗೆ ಹೋಗಿ ಕಾಲು ತೊಳೆದು ಬಂದು ಊಟಕ್ಕೆ ಕೂತಳು. ಅಂದು ಬಂಗುಡೆ ಮೀನಿನ ಸಾರು. ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ದುಃಖವನ್ನು ನುಂಗುವುದು ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ ಅಂದುಕೊಂಡೆ. ಬೈದಿದ್ದರೆ ಎದುರುತ್ತರ ಕೊಟ್ಟು ಹಗುರಾಗುತ್ತಿದ್ದೆ. ಮುಂದಿನ ವಾರ ಮನೆಗೆ ಬಂದ ಚಿಕ್ಕಮ್ಮ "ನಿನ್ನ ಹಂಸ ಎಲ್ಲಿ?" ಎಂದು ಕೇಳಿದಾಗ ಅಮ್ಮ "ಒಳಗೆ ತೆಗೆದಿಟ್ಟಿದ್ದೇನೆ" ಎಂದಳು. ನನ್ನ ಮರ್ಯಾದೆ ಉಳಿಸಲು ಅವಳು ಸುಳ್ಳು ಹೇಳಿದ್ದು ನನ್ನ ಎದೆಗೆ ನಾಟಿತು. ಮರುದಿನವೇ ಗುಜರಿ ಅಂಗಡಿಗಳನ್ನು ಸುತ್ತಲು ಹೊರಟೆ.

ಅಲ್ಲಿಂದ ಶುರು. ಭಾನುವಾರ ಬಂತೆಂದರೆ ನಾನು ತಗಡಿನ ಶೆಡ್ಡುಗಳಲ್ಲಿ ಇರುತ್ತಿದ್ದೆ. ಹಂಸ ಸಿಗಲಿಲ್ಲ, ಗಿಳಿ ಸಿಕ್ಕಿತು. ಮತ್ತೊಂದು ಕಡೆ ನವಿಲು. ಯಾರದೋ ಕಣ್ಣು ನೋಯಿಸಿಕೊಂಡ ಕೆಲಸ ಹಳೆಯ ಫ್ಯಾನಿನ ಅಡಿಯಲ್ಲಿ ಬಿದ್ದಿರುವುದನ್ನು ಕಂಡು ಬಿಟ್ಟು ಬರಲು ಮನಸ್ಸಾಗದೆ ಮನೆಗೆ ತರುತ್ತಿದ್ದೆ. ಹೀಗೆ ತಂದು ತಂದು ಪಟಗಳ ಭಾಷೆ ಕಲಿತೆ. ದಾರದ ಬಣ್ಣ ನೋಡಿ ಕಾನ್ವೆಂಟಿನ ಹೊಲಿಗೆ ಕ್ಲಾಸಿನದೋ ಮನೆಯಲ್ಲೇ ಕಲಿತದ್ದೋ ಹೇಳಬಲ್ಲೆ. ಅವಸರದಲ್ಲಿ ಮುಗಿಸಿದ್ದು ಯಾವುದು, ವರ್ಷಗಟ್ಟಲೆ ಹಿಡಿದದ್ದು ಯಾವುದು ಎಂಬುದು ಹಿಂಬದಿಯ ಗಂಟುಗಳಲ್ಲೇ ಗೊತ್ತಾಗುತ್ತದೆ. ಶೋಕೇಸಿನ ಗಾಜಿನ ಸೇಬುಗಳು ಒಂದೊಂದಾಗಿ ಅಟ್ಟ ಸೇರಿದವು. ಹಾಡುವ ಗಡಿಯಾರ ತಾನಾಗಿಯೇ ಬಾಯಿ ಮುಚ್ಚಿತು.

ಪ್ರತಿ ಸಲ ನಾನೊಂದು ಪಟ ತಂದಾಗಲೂ ಅಮ್ಮ ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಲ್ಲುತ್ತಿದ್ದಳು. ನಾನು ಪೇಪರು ಬಿಚ್ಚುವವರೆಗೆ ಅಲ್ಲಾಡುತ್ತಿರಲಿಲ್ಲ. ಗಿಳಿಯೋ ನವಿಲೋ ಕಂಡ ಕೂಡಲೇ ಒಂದು ದೊಡ್ಡ ಉಸಿರು ಬಿಟ್ಟು ಒಳಗೆ ಹೋಗುತ್ತಿದ್ದಳು. ಆ ಉಸಿರು ಕೇಳಿದರೆ ನನಗೆ ನೆಲ ಬಾಯಿಬಿಡಬಾರದೇ ಅನಿಸುತ್ತಿತ್ತು. ಈ ಸಲವೂ ಹಂಸ ಅಲ್ಲವಲ್ಲ ಎಂದು ಅವಳಿಗೆ ನಿರಾಸೆಯಾಗಿದೆ ಎಂದೇ ನಾನು ನಂಬಿದ್ದೆ.

ಕಳೆದ ವರ್ಷ ಅಮ್ಮನಿಗೆ ಎಂಬತ್ತಮೂರು ತುಂಬಿತು. ಒಂದು ಕಣ್ಣು ಮೊದಲೇ ಮಂಜಾಗಿತ್ತು. ಇನ್ನೊಂದರ ನರ ಸೊರಗುತ್ತಿದೆ, ಮದ್ದು ಹಾಕಿದರೆ ನಿಧಾನವಾಗಬಹುದು, ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿದರು. ಅಮ್ಮ ಅದನ್ನು ಬಸ್ಸು ತಡವಾದ ಸುದ್ದಿಯಂತೆ ಕೇಳಿಸಿಕೊಂಡಳು. ನಾನು ಮಾತ್ರ ಮನೆಗೆ ಬರುವ ದಾರಿಯುದ್ದಕ್ಕೂ ಒಂದನ್ನೇ ಯೋಚಿಸಿದೆ. ಕಣ್ಣು ಕಾಣುವಾಗಲೇ ಅವಳ ಹಂಸವನ್ನು ತಂದು ಅವಳ ಎದುರಿಡಬೇಕು, ತಪ್ಪಾಯಿತು ಎನ್ನಬೇಕು. ಇನ್ನು ಅದಕ್ಕೆ ಹೆಚ್ಚು ಸಮಯವಿರಲಿಲ್ಲ.

ನನಗೆ ಬಹಳ ವರ್ಷಗಳಿಂದ ಗುರುತಿರುವ ಒಬ್ಬ ಗುಜರಿ ಅಂಗಡಿಯವರಿದ್ದಾರೆ. ಬ್ಯಾರಿ ಮುಸ್ಲಿಮರು, ನನಗಿಂತ ಸ್ವಲ್ಪ ದೊಡ್ಡವರು, ನನ್ನನ್ನು ಟೀಚರಕ್ಕ ಎಂದು ಕರೆಯುತ್ತಾರೆ. ಲೈಬ್ರರಿ ಎಂದು ಎಷ್ಟು ಹೇಳಿದರೂ ಟೀಚರೇ. ಅವರಿಗೆ ಮತ್ತೆ ಫೋನು ಮಾಡಿದೆ. ಒಂದು ವಾರದ ಮೇಲೆ ಅವರೇ ಕರೆ ಮಾಡಿದರು.

"ಟೀಚರಕ್ಕ, ನಿಮ್ಮ ಬಾತುಕೋಳಿ ಸಿಕ್ಕಿತು."

"ಬಾತುಕೋಳಿ ಅಲ್ಲ, ಹಂಸ."

"ಎಂತದೋ ಒಂದು. ನನ್ನ ಭಾವನ ಯಾರ್ಡಿನಲ್ಲಿ ಇದ್ದದ್ದಂತೆ. ಸುರತ್ಕಲ್‌ನಲ್ಲಿ ಒಂದು ಕೆಫೆ ಮಾಡಿದ್ದಾರಲ್ಲ, ಕಾಲೇಜಿನ ಮಕ್ಕಳು ಹೋಗುವಂಥದ್ದು, ಅವರು ಕೊಂಡುಹೋದರಂತೆ. ಒಂದು ಕಣ್ಣು ಕೆಂಪು, ಒಂದು ನೀಲಿ. ನಾನು ಕೇಳಿಯೇ ನಿಮಗೆ ಹೇಳುವುದು."

ನಾನು ಚಪ್ಪಲಿ ಬದಲಿಸಿಕೊಳ್ಳಲೂ ನಿಲ್ಲದೆ ಬಸ್ಸು ಹತ್ತಿದೆ.

ಕೆಫೆಯಲ್ಲಿ ಹಳೆಯ ಹೊಲಿಗೆ ಮಿಷನ್ನುಗಳೇ ಮೇಜು, ಬೇಕೆಂದೇ ಸುಣ್ಣ ಕೆರೆದ ಗೋಡೆ. ಕೈ ತೊಳೆಯುವ ಬೇಸಿನ್ನಿನ ಮೇಲೆ, ಕನ್ನಡಿ ಇರಬೇಕಾದ ಜಾಗದಲ್ಲಿ, ನನ್ನ ಅಮ್ಮನ ಹಂಸಗಳು. ಒಬ್ಬ ಹುಡುಗಿ ಅದರ ಎದುರು ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದಳು. ಅವಳನ್ನು ಸ್ವಲ್ಪ ಸರಿಸಿಯೇ ಪಟದ ಹತ್ತಿರ ಹೋದೆ. ಕೆಂಪು ಕಣ್ಣು, ನೀಲಿ ಕಣ್ಣು, ಅರ್ಧ ಬೋಳಾದ ಎಸಳು. ಮೊಳೆಯಿಂದ ತೆಗೆದು ಕಿವಿಯ ಹತ್ತಿರ ಹಿಡಿದು ಅಲುಗಿಸಿದೆ. ಮಣಿಗಳು ಒಳಗೇ ಇದ್ದವು. ಅಲ್ಲಿಯೇ ಕಣ್ಣೀರು ಬಂತು, ಸುಳ್ಳು ಯಾಕೆ ಹೇಳಲಿ.

ಕೆಫೆಯ ಯಜಮಾನಿ ಮೂವತ್ತರೊಳಗಿನವಳು, ಒಳ್ಳೆಯ ಹುಡುಗಿ, ಆದರೆ ಗಟ್ಟಿಗಿತ್ತಿ. "ಸಾರಿ ಆಂಟಿ, ಅದು ಕೊಡ್ಲಿಕ್ಕಿಲ್ಲ. ಎಲ್ಲರೂ ಅದರ ಹತ್ತಿರವೇ ಫೊಟೊ ತೆಗೆಯುವುದು."

"ಇದು ನನ್ನ ಅಮ್ಮ ಮದುವೆಗೆ ಮೊದಲು ಮಾಡಿದ್ದು ಮಾರಾಯ್ತಿ. ಅವರ ಕಣ್ಣು ಹೋಗ್ತಾ ಉಂಟು."

ಅವಳು ಸ್ವಲ್ಪ ಹೊತ್ತು ಪಟ ನೋಡಿದಳು, ನನ್ನ ಮನೆಚಪ್ಪಲಿ ನೋಡಿದಳು. "ಹಾಗಾದ್ರೆ ಅದರ ಜಾಗಕ್ಕೆ ಬೇರೆ ಎಂತ ಉಂಟು ನಿಮ್ಮ ಹತ್ರ?"

ಫೋನಿನಲ್ಲಿ ನನ್ನ ಗೋಡೆಯ ಚಿತ್ರ ತೋರಿಸಿದೆ. ಅವಳ ಬೆರಳು ನೇರವಾಗಿ ನನ್ನ ಮೂರು ಒಳ್ಳೆಯ ಪಟಗಳ ಮೇಲೆ ಹೋಯಿತು: ಮೀನಿನ ಹುರುಪೆಯ ಹೂಗೊಂಚಲು, ಜೋಡಿ ಗಿಳಿ, ರೇಷ್ಮೆ ದಾರದ ನವಿಲು. ಹುಡುಗಿಗೆ ಕಣ್ಣಿದೆ ಎಂದು ಸಿಟ್ಟಿನಲ್ಲೂ ಒಪ್ಪಿಕೊಂಡೆ. ಹೂಗೊಂಚಲಂಥದ್ದು ಇನ್ನೊಂದು ಇದೆ ಎಂದು ಹೇಳಿ ಚೌಕಾಶಿ ಮಾಡುವ ಪ್ರಯತ್ನ ಮಾಡಿದೆ, ಅವಳು ಬಗ್ಗಲಿಲ್ಲ. ಮರುದಿನ ಮೂರನ್ನೂ ರಿಕ್ಷಾದಲ್ಲಿ ಕೊಂಡುಹೋಗಿ ಕೊಟ್ಟು ಹಂಸವನ್ನು ತಂದೆ. ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಅಮ್ಮ ಮಾಮೂಲಿನಂತೆ ಬಂದು ಬಾಗಿಲ ಹತ್ತಿರ ನಿಂತಳು. ನಾನು ಪೇಪರು ಬಿಚ್ಚಿದೆ. ಎಷ್ಟು ವರ್ಷಗಳಿಂದ ಕಾದ ಗಳಿಗೆ. ಅವಳು ಹತ್ತಿರ ಬಂದು, ಬಾಗಿ, ಮುಖವನ್ನು ಗಾಜಿಗೆ ಮುಟ್ಟುವಷ್ಟು ಹತ್ತಿರ ತಂದು ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು.

"ಇದು ಎಲ್ಲಿಂದ ಸಿಕ್ಕಿತು ನಿಂಗೆ?"

ಅದು ಸಂತೋಷದ ಧ್ವನಿಯಾಗಿರಲಿಲ್ಲ. ನನ್ನ ತಪ್ಪನ್ನು ನೆನಪಿಸಿಕೊಂಡು ಹಾಗೆ ಕೇಳುತ್ತಿದ್ದಾಳೆ ಎಂದುಕೊಂಡು ನಾನು ಅವಳ ಕಾಲಿನ ಹತ್ತಿರ ನೆಲದಲ್ಲೇ ಕೂತೆ. "ಅಮ್ಮಾ, ತಪ್ಪಾಯ್ತು. ಅವತ್ತು ನಾನೇ ಗುಜರಿಗೆ ಕೊಟ್ಟದ್ದು. ನಿಂಗೆ ಹೇಳ್ಲಿಕ್ಕೆ ನಂಗೆ ಬಾಯಿ ಬರ್ಲಿಲ್ಲ."

"ನೀನು ಕೊಟ್ಟದ್ದು ನಂಗೆ ಗೊತ್ತುಂಟು. ಬಚ್ಚಲಲ್ಲಿ ಹೊಸ ಬಾಲ್ದಿ ಇತ್ತಲ್ಲ."

"ಮತ್ತೆ ಯಾಕೆ ನೀನು ಎಂತದೂ ಹೇಳ್ಲಿಲ್ಲ?"

"ಎಂತ ಹೇಳುವುದು? ಖುಷಿಯಾಯ್ತು ಅಂತ ಹೇಳ್ಲಿಕ್ಕೆ ಆಗ್ತದಾ?"

ನಾನು ಅವಳ ಮುಖ ನೋಡಿದೆ. ಅವಳು ಗೋಡೆಯ ಕಡೆ ನೋಡುತ್ತಿದ್ದಳು.

"ಇದು ನಾನು ಮಾಡಿದ್ದಲ್ಲ ಮಗಾ," ಅಂದಳು. "ಎರವಲು ತಂದದ್ದು."

ಕತೆ ಸಣ್ಣದು. ಅಮ್ಮನ ತವರುಮನೆ ಒಂದು ಹಂಚಿನ ಕಾರ್ಖಾನೆಯ ಹತ್ತಿರದ ಓಣಿಯಲ್ಲಿತ್ತು. ಬೇಲಿಯಾಚೆ ಒಂದು ಕ್ರಿಶ್ಚಿಯನ್ ಕುಟುಂಬ. ಆ ಮನೆಯ ಯಜಮಾನರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವರ ಮಗಳು ಅಮ್ಮನ ಓರಗೆಯವಳು, ಕಾನ್ವೆಂಟಿನಲ್ಲಿ ಮಣಿ ಕೆಲಸ ಕಲಿತವಳು. ಅಮ್ಮನಿಗೋ ಸೂಜಿ ಕಂಡರೆ ಬೆವರು. ಅಪ್ಪನ ಕಡೆಯವರು ಹುಡುಗಿ ನೋಡಲು ಬರುತ್ತಾರೆಂದು ಗೊತ್ತಾದಾಗ ನನ್ನ ಅಜ್ಜಿ ಬೇಲಿಯಾಚೆಯಿಂದ ಹಂಸದ ಪಟವನ್ನು ಒಂದು ಮಧ್ಯಾಹ್ನದ ಮಟ್ಟಿಗೆ ತಂದು ಗೋಡೆಗೆ ಹಾಕಿದರು. ಹಾಗೆ ತರುವುದು ಆ ಓಣಿಯಲ್ಲಿ ಯಾರಿಗೂ ತಪ್ಪೆಂದು ತೋರುತ್ತಿರಲಿಲ್ಲವಂತೆ. ಒಳ್ಳೆಯ ಕುರ್ಚಿ ಒಂದು ಮನೆಯಿಂದ, ಪಿಂಗಾಣಿ ಕಪ್ಪು ಇನ್ನೊಂದು ಮನೆಯಿಂದ, ಪಟ ಮತ್ತೊಂದು ಮನೆಯಿಂದ. ಹುಡುಗಿ ಮಾತ್ರ ಸ್ವಂತದ್ದು. ಬಂದವರು ಹೋದ ಮೇಲೆ ಎಲ್ಲ ಅದರದರ ಮನೆಗೆ ಹೋಗಬೇಕು.

ಆದರೆ ಹುಡುಗನ ತಾಯಿ ಹಂಸಕ್ಕೆ ಮರುಳಾದರು. ಹೊರಡುವಾಗ "ಮದುವೆಯಾಗಿ ಬರುವಾಗ ಅದನ್ನು ತರ್ಲಿಕ್ಕೆ ಮರೀಬೇಡ" ಎಂದು ಹೇಳಿಯೇ ಹೋದರು. ಹಾಗೆ ಪಟ ಗೋಡೆಯಲ್ಲೇ ಉಳಿಯಿತು. ಮದುವೆಯ ಗಡಿಬಿಡಿಯಲ್ಲಿ ಅಮ್ಮನ ಸೋದರಮಾವ, ಒಳಗಿನ ಸುದ್ದಿ ತಿಳಿಯದ ಪಾಪದ ಮನುಷ್ಯ, ಅದನ್ನು ಸೀರೆಗಳ ಜೊತೆ ಪೆಟ್ಟಿಗೆಗೆ ಹಾಕಿಬಿಟ್ಟರು. ಗಂಡನ ಮನೆಯಲ್ಲಿ ಪೆಟ್ಟಿಗೆ ತೆರೆದಾಗಲೇ ಅಮ್ಮನಿಗೆ ಗೊತ್ತಾದದ್ದು. ಅಷ್ಟರಲ್ಲಿ ಅತ್ತೆ ಮೊಳೆ ಹೊಡೆಸಿ ಆಗಿತ್ತು.

"ಅವಳು ಅದನ್ನು ಎರಡು ವರ್ಷ ಕೂತು ಮಾಡಿದ್ದು," ಅಮ್ಮ ಹೇಳಿದಳು. "ಅವಳನ್ನು ನೋಡ್ಲಿಕ್ಕೆ ಜನ ಬರುವಾಗ ಅವಳ ಗೋಡೆಯಲ್ಲಿ ಎಂತ ಇತ್ತು? ಅದನ್ನೇ ಗ್ರಹಿಸುವುದು ನಾನು. ನಿನ್ನ ಅಪ್ಪ ಬಂದವರಿಗೆಲ್ಲ ಹೇಳುವಾಗ ಒಳಗೆ ಹೋಗಿ ಕೂತುಕೊಳ್ತಿದ್ದೆ. ಯಾರಾದ್ರೂ ಒಂದು ಹೂ ಮಾಡಿ ತೋರಿಸು ಅಂದ್ರೆ ಎಂತ ಮಾಡುವುದು ಅಂತ ಹರಕೆಯ ಕತೆ ಕಟ್ಟಿದೆ. ನೀನು ಅದನ್ನು ಕೊಟ್ಟೆ ಅಂತ ಗೊತ್ತಾದ ದಿನ ಎಷ್ಟೋ ವರ್ಷದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ ನೋಡು."

"ಮತ್ತೆ ನಾನು ಪ್ರತಿ ಸಲ ಪಟ ತರುವಾಗ ನೀನು ಉಸಿರು ಬಿಡುತ್ತಿದ್ದದ್ದು?"

"ಹಂಸ ಅಲ್ಲವಲ್ಲ, ಬಚಾವು ಅಂತ! ನೀನು ಹುಡುಕುವುದು ಅದನ್ನೇ ಅಂತ ನಂಗೆ ಎಂತ ಕನಸು ಬಿದ್ದಿತ್ತಾ? ನಿಂಗೆ ಒಂದು ಬಗೆ ಮರುಳು ಅಂತ ಗ್ರಹಿಸಿದ್ದೆ."

ಮೊದಲು ನನಗೆ ಬಂದದ್ದು ಕೋಪ. ಇಪ್ಪತ್ತು ಚಿಲ್ಲರೆ ವರ್ಷದ ಭಾನುವಾರಗಳು, ತಗಡಿನ ಶೆಡ್ಡಿನ ಬಿಸಿ, ಆಗಷ್ಟೇ ಕೈಬಿಟ್ಟ ಮೂರು ಪಟ, ಎಲ್ಲ ಒಟ್ಟಿಗೆ ತಲೆಗೇರಿತು. "ಒಂದು ಮಾತು ಹೇಳ್ಲಿಕ್ಕೆ ನಿಂಗೆ ಎಂತ ದಾಡಿ?" ಎಂದು ಕೂಗಿದೆ. "ನಿಂಗೆ ಎಂತ ದಾಡಿ ಇತ್ತು?" ಎಂದಳು ಅವಳು. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಪಟದ ಬಗ್ಗೆ, ಬಾಯಿಗೆ ಬೀಗ ಹಾಕಿಕೊಂಡು ಬದುಕಿದ್ದೆವು. ಮೊದಲು ನಕ್ಕವಳು ಅಮ್ಮ. ಆಮೇಲೆ ನನಗೂ ತಡೆಯಲಾಗಲಿಲ್ಲ. ನಕ್ಕು ನಕ್ಕು ಪಕ್ಕೆ ಹಿಡಿಯಿತು. ನಾನು ಅವಳ ಹೃದಯ ಒಡೆದಿರಲಿಲ್ಲ. ಅಷ್ಟು ವರ್ಷ ಹೊತ್ತ ಹೊರೆ ಇಳಿದಾಗ ಮೈಗೆ ನಿಜಕ್ಕೂ ಸುಸ್ತಾಗುತ್ತದೆ ಎಂಬುದು ಅಂದು ತಿಳಿಯಿತು. ಅಂದು ಸಂಜೆಯೇ ಮಲಗಿಬಿಟ್ಟೆ.

ಆದರೆ ಅಮ್ಮನ ಹೊರೆ ಇಳಿದಿರಲಿಲ್ಲ. ನಾನು ಅದನ್ನು ವಾಪಸು ತಂದು ಅವಳ ತಲೆಯ ಮೇಲೆ ಇಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಪಟವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದಳು. "ಪುನಃ ಗುಜರಿಗೆ ಕೊಡು ಇದನ್ನು."

"ಕೊಡುವುದಿಲ್ಲ. ಯಾರದ್ದೋ ಅವರಿಗೇ ಕೊಡುವಾ. ಅವರು ಇದ್ದಾರಾ ಈಗ?"

"ಇದ್ದಾಳೆ. ಬಿಕರ್ನಕಟ್ಟೆಯಲ್ಲಿ, ಬಾಲ ಯೇಸುವಿನ ಇಗರ್ಜಿಗೆ ಹೋಗುವ ದಾರಿ. ನೀಲಿ ಗೇಟು, ಎದುರು ಒಂದು ಪೇರಳೆ ಮರ."

"ನೀನು ಹೋಗಿದ್ದೀಯಾ?"

"ಹೋಗ್ಲಿಕ್ಕಾ? ಬಸ್ಸಿನಿಂದ ನೋಡಿದ್ದು. ತಪ್ಪಿಸಿಕೊಂಡು ತಿರುಗಬೇಕಾದ್ರೆ ಮನೆ ಎಲ್ಲಿ ಅಂತ ಸರಿ ಗೊತ್ತಿರಬೇಕಲ್ಲ."

ಆಗ ಒಂದೊಂದೇ ಹೊಳೆಯಿತು. ಜಾತಿ ಧರ್ಮ ನೋಡದೆ ಊರವರೆಲ್ಲ ಆ ಇಗರ್ಜಿಗೆ ಹೋಗಿ ಮೇಣದಬತ್ತಿ ಹಚ್ಚಿ ಬರುತ್ತಾರೆ, ಅಮ್ಮ ಮಾತ್ರ ಎಷ್ಟು ಕರೆದರೂ ಮಂಡಿನೋವು ಎನ್ನುತ್ತಿದ್ದಳು. ಅದೇ ಮಂಡಿಯಲ್ಲಿ ಬೇರೆ ಕಡೆಯ ಮೆಟ್ಟಿಲು ಹತ್ತುತ್ತಿದ್ದಳು. ಮಾರ್ಕೆಟಿನಲ್ಲಿ ನನ್ನ ಕೈ ಬಿಟ್ಟು ಇದ್ದಕ್ಕಿದ್ದಂತೆ ತರಕಾರಿ ಅಂಗಡಿಯ ಹಿಂದೆ ಮಾಯವಾಗುತ್ತಿದ್ದದ್ದೂ ನೆನಪಾಯಿತು. ಬಸಳೆ ಒಳ್ಳೆಯದು ಅಲ್ಲಿ ಸಿಗುತ್ತದೆ ಎನ್ನುತ್ತಿದ್ದಳು.

ಹತ್ತು ಹದಿನೈದು ದಿನ ನಾನು ಹೋಗೋಣ ಎನ್ನುವುದು, ಅವಳು ಇವತ್ತು ಬೇಡ ಎನ್ನುವುದು ನಡೆಯಿತು. ಒಂದು ಬೆಳಿಗ್ಗೆ ಕಣ್ಣಿಗೆ ಮದ್ದು ಬಿಡುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ ಅವಳು ಹೇಳಿದಳು: "ಅವಳ ಮುಖ ಕಾಣುವಾಗಲೇ ಹೋಗುವಾ. ಬೈದ್ರೆ ಬೈಯಲಿ. ಬೈಯುವವಳ ಮುಖ ಆದ್ರೂ ನೋಡಬೇಕಲ್ಲ."

ನೀಲಿ ಗೇಟು ಈಗ ಹಸಿರಾಗಿತ್ತು. ಪೇರಳೆ ಮರ ಇತ್ತು. ಬಾಗಿಲು ತೆರೆದ ಸೊಸೆಗೆ ನಾವು ಯಾರೆಂದು ಹೇಳುವಷ್ಟರಲ್ಲಿ ಹಿಂದಿನಿಂದ ಸಪೂರ, ನೆಟ್ಟನೆಯ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದರು. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಬಾಯಮ್ಮ ಎಂದೇ ಕರೆಯುವುದು. ನಾನು "ನಮಸ್ಕಾರ ಬಾಯಮ್ಮ" ಎಂದೆ. ಅವರು ನನ್ನನ್ನು ನೋಡಲಿಲ್ಲ.

"ಅಂತೂ ಬಂದೆ ನೀನು," ಎಂದರು ಅಮ್ಮನಿಗೆ.

ಅಮ್ಮ ನಿಂತಲ್ಲೇ ಶುರು ಮಾಡಿದಳು. ಕೂರಿ ಎಂದರೂ ಕೂರಲಿಲ್ಲ. ಸೋದರಮಾವ, ಪೆಟ್ಟಿಗೆ, ಅತ್ತೆ, ಮೊಳೆ, ಹರಕೆ, ಗುಜರಿ, ಬಾಲ್ದಿ, ಎಲ್ಲವನ್ನೂ ಉಸಿರು ತೆಗೆಯದೆ ಹೇಳಿದಳು. ಪರೀಕ್ಷೆಗೆ ಬಾಯಿಪಾಠ ಮಾಡಿಕೊಂಡು ಹೋದ ಮಕ್ಕಳು ಒಪ್ಪಿಸುವ ಹಾಗೆ. ಕೊನೆಗೆ, "ನಿನ್ನನ್ನು ನೋಡ್ಲಿಕ್ಕೆ ಬಂದಾಗ ಗೋಡೆ ಖಾಲಿ ಇತ್ತಾ?" ಎಂದು ಕೇಳಿದಳು. ಅವಳಿಗೆ ಕೇಳಬೇಕಾಗಿದ್ದದ್ದು ಅದೊಂದೇ.

ಬಾಯಮ್ಮ ಕೋಲನ್ನು ಗೋಡೆಗೆ ಒರಗಿಸಿದರು. "ಖಾಲಿ ಯಾಕೆ? ಅಷ್ಟು ಹೊತ್ತಿಗೆ ಮೊಲದ ಪಟ ಮಾಡಿದ್ದೆ. ನೀನು ಅದಕ್ಕಾ ನನ್ನನ್ನು ಕಂಡ್ರೆ ಓಡುತ್ತಿದ್ದದ್ದು?"

"ಮತ್ತೆ?"

"ನಾನು ಎಂತ ಗ್ರಹಿಸಿದ್ದು ಗೊತ್ತುಂಟಾ? ಕೆಂಪು ಮಣಿ ಮುಗಿದು ಒಂದು ಕಣ್ಣಿಗೆ ನೀಲಿ ಹಾಕಿದ್ದೆನಲ್ಲ. ನಿನ್ನ ಅತ್ತೆ ಅದನ್ನು ಹಿಡಿದು, ಇದೆಂತ ಹಾಳು ಕೆಲಸ ಅಂತ ನಿನ್ನನ್ನು ಬೈದಿರಬೇಕು, ನನ್ನಿಂದಾಗಿ ನಿಂಗೆ ಮಾತು ಬಂತು ಅಂತ. ಮಾರ್ಕೆಟಲ್ಲಿ ನೀನು ಬಸಳೆಯ ಹಿಂದೆ ಹೋದದ್ದು ನೋಡಿ ನಾನು ಮೀನಿನ ಕಡೆ ಹೋದದ್ದು ಎಷ್ಟು ಸಲ!"

ಅಮ್ಮ ಕುರ್ಚಿಯಲ್ಲಿ ದೊಪ್ಪನೆ ಕೂತಳು. ಇಬ್ಬರು ಮುದುಕಿಯರು ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ಅಮ್ಮನ ಭುಜ ಇಳಿಯಿತು. ನಾನು ಹುಟ್ಟಿದಂದಿನಿಂದ ನೋಡುತ್ತಿದ್ದ ಅವಳ ಭುಜ ಅಷ್ಟು ಎತ್ತಿಕೊಂಡೇ ಇತ್ತೆಂದು ನನಗೆ ಗೊತ್ತಾದದ್ದು ಅದು ಇಳಿದಾಗ. ಸೊಸೆ ತಂದ ಚಹಾ ತಣ್ಣಗಾಗಿ, ಅವಳು ಮತ್ತೊಮ್ಮೆ ಬಿಸಿ ಮಾಡಿ ತಂದಳು.

ಆಮೇಲೆ ಬಾಯಮ್ಮ ಪಟವನ್ನು ಮೇಜಿನ ಮೇಲೆ ಮಗುಚಿ, ಇಕ್ಕಳದಿಂದ ಹಿಂಬದಿಯ ಮೊಳೆಗಳನ್ನು ತೆಗೆಸಿದರು. ಮಕಮಲ್ಲು ಹೊರಗೆ ಬಂತು. ಚೌಕಟ್ಟಿನ ಸಂದಿಯಲ್ಲಿ ಬಿದ್ದಿದ್ದ ಗುಲಾಬಿ ಮಣಿಗಳನ್ನು ತಟ್ಟೆಗೆ ಅಲುಗಿಸಿಕೊಂಡರು. ಏಳು ಇದ್ದವು. ನಾನು ಚಿಕ್ಕಂದಿನಲ್ಲಿ ಕೇಳುತ್ತಿದ್ದ ಸದ್ದು ಅಷ್ಟೇ ಮಣಿಗಳದ್ದು. ಅವರು ಹೊಲಿಗೆಯ ಡಬ್ಬಿಯಿಂದ ತೆಳ್ಳನೆಯ ಸೂಜಿ ತೆಗೆದು ನೂಲು ಪೋಣಿಸಲು ನನಗೆ ಕೊಟ್ಟರು. ಪೋಣಿಸಿ ತಿರುಗಿ ಕೊಟ್ಟೆ. ಅವರು ಅದನ್ನು ಅಮ್ಮನ ಮುಂದೆ ಹಿಡಿದರು.

"ನಂಗೆ ಬರುವುದಿಲ್ಲ ಮಾರಾಯ್ತಿ. ಕಣ್ಣೂ ಕಾಣುವುದಿಲ್ಲ."

"ಬೆರಳಿಗೆ ಕಾಣ್ತದೆ. ಹಿಡಿ."

ಏಳು ಮಣಿಗೆ ಮುಕ್ಕಾಲು ಗಂಟೆ ಹಿಡಿಯಿತು. ಬಾಯಮ್ಮ ಮಕಮಲ್ಲನ್ನು ಬಿಗಿ ಹಿಡಿದು, ಅಮ್ಮನ ತೋರುಬೆರಳನ್ನು ಎಲ್ಲಿ ಚುಚ್ಚಬೇಕೋ ಅಲ್ಲಿ ಇಡುತ್ತಿದ್ದರು. ಅಮ್ಮ ಚುಚ್ಚುತ್ತಿದ್ದಳು. ಎರಡು ಸಲ ತನ್ನ ಬೆರಳಿಗೆ, ಒಂದು ಸಲ ಬಾಯಮ್ಮನ ಬೆರಳಿಗೆ. ಒಂದು ಮಣಿ ಜಾರಿ ನೆಲಕ್ಕೆ ಬಿದ್ದಾಗ ನಾನೂ ಸೊಸೆಯೂ ಮೊಣಕಾಲೂರಿ ಹುಡುಕಿದೆವು. ಕೊನೆಯ ಗಂಟನ್ನು ಮಾತ್ರ ಬಾಯಮ್ಮ ತಾವೇ ಹಾಕಿದರು. ಆಮೇಲೆ ದೂರ ಹಿಡಿದು ನೋಡಿ, "ಸೊಟ್ಟ ಆಯ್ತು," ಎಂದರು. "ಇರಲಿ. ಇನ್ನು ಯಾರು ಕೇಳಿದ್ರೂ ನೀನೂ ಮಾಡಿದ್ದು ಅಂತ ಹೇಳ್ಲಿಕ್ಕೆ ಅಡ್ಡಿ ಇಲ್ಲ."

ಪಟವನ್ನು ಅವರಲ್ಲೇ ಬಿಟ್ಟು ಬಂದೆವು. ಅವರು ಕೊಂಡುಹೋಗು ಎಂದರು, ಅಮ್ಮ ಕೇಳಲಿಲ್ಲ. ಬರುವಾಗ ಇಗರ್ಜಿಗೂ ಹೋದೆವು. ಅಷ್ಟೂ ಮೆಟ್ಟಿಲನ್ನು ಅಮ್ಮ ನನ್ನ ಕೈ ಹಿಡಿಯದೆ ಹತ್ತಿದಳು. ಮಂಡಿಯ ಸುದ್ದಿ ಎತ್ತಲಿಲ್ಲ. ಮೇಣದಬತ್ತಿ ಹಚ್ಚಿ ಕೆಳಗೆ ಬಂದು, ಮನೆಗೆ ಹೋಗುವಾಗ ಬಂಗುಡೆ ತರೋಣ ಎಂದಳು.

ಈಗ ನನ್ನ ಗೋಡೆಯಲ್ಲಿ ನಾಲ್ಕು ಮೊಳೆ ಖಾಲಿ ಇವೆ. ಮೂರು ಕೆಫೆಗೆ ಹೋದವುಗಳದ್ದು, ಒಂದು ಹಂಸಕ್ಕೆಂದು ನಾನು ಮೊದಲೇ ಹೊಡೆದಿಟ್ಟದ್ದು. ಗುಜರಿ ಅಂಗಡಿಗೆ ಈಗಲೂ ಹೋಗುತ್ತೇನೆ, ಆದರೆ ಪ್ರತಿ ಭಾನುವಾರ ಅಲ್ಲ. ಪಟ ತಂದರೆ ಅಮ್ಮ ಕುರ್ಚಿಯಿಂದ ಏಳುವುದಿಲ್ಲ. "ಎಂತ ಹಕ್ಕಿ?" ಎಂದು ಕೂತಲ್ಲಿಂದಲೇ ಕೇಳುತ್ತಾಳೆ. ಅವಳಿಗೆ ಈಗ ಬೆಳಕು ಮತ್ತು ಮನುಷ್ಯರ ಆಕಾರ ಕಾಣುತ್ತದೆ, ಅಷ್ಟೇ.

ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದವರು ನೋಡಲು ಬಂದರು. ಗೋಡೆ ನೋಡಿ ಎಲ್ಲರಂತೆ ಕೇಳಿದರು: "ಇದೆಲ್ಲ ನೀವೇ ಮಾಡಿದ್ದಾ?" ನಾನು ಬಾಯಿ ತೆರೆಯುವ ಮೊದಲೇ ಮೂಲೆಯ ಕುರ್ಚಿಯಿಂದ ಅಮ್ಮನ ಧ್ವನಿ ಬಂತು.

"ಅವಳಿಗೆ ಎಂತದೂ ಬರುವುದಿಲ್ಲ. ನಾನು ಮಾಡಿದ್ದು ಒಂದು ಉಂಟು, ಏಳು ಮಣಿ. ನೋಡಬೇಕಾದ್ರೆ ಬಿಕರ್ನಕಟ್ಟೆಗೆ ಹೋಗಬೇಕು, ನನ್ನ ಗೆಳತಿಯ ಮನೆಗೆ."